ಪಾಡ್‌ಕಾಸ್ಟ್‌ನಲ್ಲಿ ಕೇಳಿದ್ದು ಡ್ಯೂಟಿಯಲ್ಲಿ ಯಾಕೆ ನೆನಪಾಗುವುದಿಲ್ಲ?

ಪ್ರಶ್ನೆ: ಎಮರ್ಜೆನ್ಸಿ ವಿಭಾಗಕ್ಕೆ ಸೇರಿ ಇದು ಎರಡನೇ ವರ್ಷ. ಆಗಾಗ ಐಸಿಯು ಡ್ಯೂಟಿಯೂ ಬೀಳುತ್ತದೆ. ಹೋಗುವಾಗ ಬರುವಾಗ ಪಾಡ್‌ಕಾಸ್ಟ್ ಕೇಳುತ್ತೇನೆ, ಮಲಗುವ ಮುಂಚೆ ಬ್ಲಾಗ್ ಓದುತ್ತೇನೆ. ಫೋನಿನಲ್ಲಿ ‘ಆಮೇಲೆ ಓದೋಣ’ ಎಂದು ಸೇವ್ ಮಾಡಿಟ್ಟ ಲೇಖನಗಳಿಗೆ ಲೆಕ್ಕವಿಲ್ಲ. ಆದರೆ ಇತ್ತೀಚೆಗೆ ಪೊಟ್ಯಾಶಿಯಂ ವಿಪರೀತ ಏರಿದ್ದ ರೋಗಿ ಬಂದಾಗ ಕ್ಯಾಲ್ಸಿಯಂ ಎಷ್ಟು ಕೊಡಬೇಕು ಅನ್ನೋದೇ ಹೊಳೆಯಲಿಲ್ಲ. ಅದರ ಮೇಲಿನ ಎಪಿಸೋಡ್‌ಗಳನ್ನೆಲ್ಲ ಕೇಳಿದ್ದೆ! ಕೊನೆಗೆ ಸಿಸ್ಟರ್ ನೆನಪಿಸಿದರು. ಇನ್ನೊಂದು ಸಲ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ಆಗಿದ್ದ ರೋಗಿಗೆ ವಿಟಮಿನ್ ಸಿ ಕೊಡಬಹುದಾ ಎಂದು ಕೇಳಿದ್ದಕ್ಕೆ, ಸೀನಿಯರ್ ಎಲ್ಲರ ಮುಂದೆ “ಇಂಟರ್‌ನೆಟ್ ನೋಡಿ ಡಾಕ್ಟರಿಕೆ ಮಾಡಬೇಡಿ” ಎಂದರು. ಉಚಿತವಾಗಿ ಸಿಗುವುದನ್ನು ನಂಬಬಹುದಾ? ದುಡ್ಡು ಕೊಟ್ಟು ಕೋರ್ಸ್ ಸೇರಲಾ? ಇಲ್ಲಾ ಎಲ್ಲ ಬಿಟ್ಟು ಪುಸ್ತಕಕ್ಕೇ ವಾಪಸ್ ಹೋಗಲಾ? ಕೊನೆಯದಾಗಿ, ನಾನು ನೋಡಿದ ಒಳ್ಳೆಯ ಇಸಿಜಿಗಳನ್ನು ನಾನೂ ಹಂಚಿಕೊಳ್ಳಬಹುದಾ?
(ಹೆಸರು ಬೇಡ ಎಂದಿರುವ ಕಿರಿಯ ವೈದ್ಯೆ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಬೆರೆತುಕೊಂಡಿವೆ. ಕೇಳಿದ್ದು ಬೇಕಾದಾಗ ನೆನಪಿಗೆ ಬರುತ್ತಿಲ್ಲ ಅನ್ನೋದು ಒಂದು. ಕೇಳಿದ್ದು ನಿಜವೋ ಅಲ್ಲವೋ ಅನ್ನೋದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ದಾರಿ ಬೇರೆ. ನಾನು ಕಲಿಸುವ ಕಿರಿಯರು ಹೆಚ್ಚಾಗಿ ಎರಡನೆಯದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ರೋಗಿಗೆ ಜಾಸ್ತಿ ತೊಂದರೆ ಮಾಡುವುದು ಮೊದಲನೆಯದು. ಅದರಿಂದಲೇ ಶುರು ಮಾಡುತ್ತೇನೆ.

ಒಳ್ಳೆಯ ಪಾಡ್‌ಕಾಸ್ಟ್ ಕೇಳುವಾಗ ಎಲ್ಲ ಅರ್ಥವಾಗುತ್ತದೆ. ಹೇಳುವವರು ಚೆನ್ನಾಗಿ ಹೇಳುತ್ತಾರೆ, ನೀವು ತಲೆ ಆಡಿಸುತ್ತೀರಿ. ಆಗ ‘ಇದು ನನಗೆ ಗೊತ್ತು’ ಅನ್ನಿಸುತ್ತದೆ. ಆ ಅನ್ನಿಸಿಕೆಯೇ ಮೋಸ ಮಾಡುವುದು. ಗುರುತು ಹಿಡಿಯುವುದು ಬೇರೆ, ನೆನಪಿನಿಂದ ಹೊರಗೆ ತೆಗೆಯುವುದು ಬೇರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಟ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಪುಟ ಮುಚ್ಚಿ ಬರೆದವರಿಗೆ ಜಾಸ್ತಿ ನೆನಪಿತ್ತು. ಆದರೆ ‘ನನಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಧೈರ್ಯ ಜಾಸ್ತಿ ಇದ್ದದ್ದು ಬರೀ ಓದಿದವರಿಗೆ.

ನಿಮಗೆ ಆದದ್ದೂ ಇದೇ. ಎಪಿಸೋಡ್‌ಗಳನ್ನೆಲ್ಲ ಕೇಳಿದಿರಿ. ಆದರೆ ‘ಕ್ಯಾಲ್ಸಿಯಂ ಎಷ್ಟು?’ ಎಂದು ನಿಮ್ಮನ್ನು ಯಾರೂ ಕೇಳಲಿಲ್ಲ. ಮೊದಲ ಸಲ ಆ ಪ್ರಶ್ನೆ ಕೇಳಿದ್ದು ರೋಗಿ, ಅದೂ ಮಾನಿಟರ್ ಕಿರುಚುತ್ತಿರುವಾಗ. ಉತ್ತರ ಹೊಳೆಯದೇ ಇದ್ದದ್ದು ದಡ್ಡತನ ಅಲ್ಲ. ನೆನಪು ಕೆಲಸ ಮಾಡುವುದೇ ಹಾಗೆ.

ಹಾಗಾಗಿ ನನ್ನ ಮೊದಲ ಸಲಹೆ: ಕೇಳುವುದನ್ನು ಕಡಿಮೆ ಮಾಡಿ, ಪ್ರಶ್ನೆಯನ್ನು ಜಾಸ್ತಿ ಮಾಡಿ. ಪ್ರಶ್ನೆ ನಿಮ್ಮ ರೋಗಿಯಿಂದಲೇ ಬರಲಿ. ಡ್ಯೂಟಿ ಮುಗಿಸಿ ಹೊರಡುವ ಮುಂಚೆ, ಇವತ್ತು ನನಗೆ ಎಲ್ಲಿ ತಡವರಿಸಿತು ಎಂದು ಒಂದೇ ಒಂದು ಸಾಲು ಬರೆದುಕೊಳ್ಳಿ. ರೋಗಿಯ ಹೆಸರು, ನಂಬರ್ ಏನೂ ಬೇಡ, ಬರೀ ಪ್ರಶ್ನೆ ಸಾಕು. ಮರುದಿನ ಹುಡುಕುವುದು ಆ ಒಂದು ಪ್ರಶ್ನೆಗೆ ಉತ್ತರ ಮಾತ್ರ. ಫೋನಿನಲ್ಲಿ ಯಾವ ಹೊಸ ಎಪಿಸೋಡ್ ಬಂದಿದೆ ಅನ್ನೋದು ನಿಮ್ಮ ಓದನ್ನು ನಿರ್ಧರಿಸಬಾರದು.

ಪೊಟ್ಯಾಶಿಯಂ ಕೇಸನ್ನೇ ತಗೊಳ್ಳಿ. ನಾನಾಗಿದ್ದರೆ ಹೀಗೆ ಕೇಳಿಕೊಳ್ಳುತ್ತೇನೆ. ಕ್ಯಾಲ್ಸಿಯಂ ಕೊಟ್ಟರೆ ಪೊಟ್ಯಾಶಿಯಂ ಇಳಿಯುತ್ತದಾ? (ಇಲ್ಲ, ಅದು ಹೃದಯವನ್ನು ಕಾಯುತ್ತದೆ ಅಷ್ಟೇ.) ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ, ಎಷ್ಟು ಹೊತ್ತು ಇರುತ್ತದೆ? (ಕೆಲವೇ ನಿಮಿಷದಲ್ಲಿ ಶುರು, ಸುಮಾರು 30ರಿಂದ 60 ನಿಮಿಷ.) ಇಸಿಜಿ ಸರಿಹೋಗದಿದ್ದರೆ ಮುಂದೇನು? (ಮತ್ತೆ ಕೊಡಬೇಕು.) ಇನ್ಸುಲಿನ್ ಕೊಟ್ಟ ಮೇಲೆ ಯಾವುದರ ಮೇಲೆ ಕಣ್ಣಿಡಬೇಕು? (ರಕ್ತದ ಸಕ್ಕರೆಯ ಮೇಲೆ. ಅದು ಗಂಟೆಗಳ ನಂತರವೂ ಬೀಳಬಹುದು.) ಇವನ್ನು ಆಂಕಿಯಂಥ ಆ್ಯಪ್‌ನಲ್ಲಿ ಕಾರ್ಡ್ ಮಾಡಿಟ್ಟರೆ, ಮರೆಯುವ ಹೊತ್ತಿಗೆ ಸರಿಯಾಗಿ ಅದು ಮತ್ತೆ ಕೇಳುತ್ತದೆ. ಕಾಗದದ ಚೀಟಿಯೂ ಆಗುತ್ತದೆ. ಕಾರ್ಡ್ ನೀವೇ ಬರೆಯಬೇಕು, ಅದು ಮುಖ್ಯ. ಬೇರೆಯವರ ಸಾವಿರ ಕಾರ್ಡ್ ಇಳಿಸಿಕೊಂಡರೆ ಅದೂ ‘ಆಮೇಲೆ ಓದೋಣ’ ಪಟ್ಟಿಗೇ ಸೇರುತ್ತದೆ.

ಇದೇ ಕ್ಯಾಲ್ಸಿಯಂ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಬ್ರಿಟನ್ನಿನ ಕಿಡ್ನಿ ತಜ್ಞರ ಈಚಿನ ಗೈಡ್‌ಲೈನ್ 10% ಕ್ಯಾಲ್ಸಿಯಂ ಗ್ಲುಕೋನೇಟ್ 30 ಮಿಲಿ ಕೊಡಿ ಎನ್ನುತ್ತದೆ. ಎಷ್ಟೋ ಪುಸ್ತಕಗಳಲ್ಲಿ 10 ಮಿಲಿ ಎಂದಿದೆ. ಕ್ಯಾಲ್ಸಿಯಂ ಕ್ಲೋರೈಡ್ ಆದರೆ ಅಷ್ಟೇ ಮಿಲಿಯಲ್ಲಿ ಸುಮಾರು ಮೂರು ಪಟ್ಟು ಕ್ಯಾಲ್ಸಿಯಂ ಇರುತ್ತದೆ. ಮೂರು ಕಡೆ ಕೇಳಿ ಮೂರು ಸಂಖ್ಯೆ ತಲೆಗೆ ಹೋದರೆ, ಬೇಕಾದಾಗ ಯಾವುದೂ ಬಾಯಿಗೆ ಬರುವುದಿಲ್ಲ. ಅದಕ್ಕೇ ಡೋಸ್ ಮಟ್ಟಿಗೆ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಒಂದನ್ನೇ ಕಲಿಯಿರಿ. ನಿಮ್ಮ ಟ್ರಾಲಿಯಲ್ಲಿರುವ ವಯಲ್ ಮೇಲೆ ಏನು ಬರೆದಿದೆ ಅಂತ ನೋಡಿ ಕಲಿಯಿರಿ. ಬೇರೆ ದೇಶದವರು ಯಾಕೆ ಬೇರೆ ಹೇಳುತ್ತಾರೆ ಅನ್ನೋದನ್ನು ಬಿಡುವಿನಲ್ಲಿ ಓದಬಹುದು. ಸಿಸ್ಟರ್ ನೆನಪಿಸಿದ್ದಕ್ಕೆ ಮುಜುಗರ ಪಡಬೇಡಿ. ಅವರಿಗೆ ಅದು ನೆನಪಿದ್ದದ್ದು ದಿನಾ ತಮ್ಮ ಕೈಯಿಂದಲೇ ತೆಗೆದು ಕೊಡುವುದರಿಂದ.

ಈಗ ನಿಜ, ಸುಳ್ಳಿನ ವಿಷಯ. ನಿಮ್ಮ ಸೀನಿಯರ್ ಎಲ್ಲರ ಮುಂದೆ ಹಾಗೆ ಹೇಳಿದ್ದು ಸರಿಯಲ್ಲ. ಪ್ರಶ್ನೆ ಕೇಳಿದ ಕಿರಿಯರನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಅವರು ಕೇಳದೇ ಮಾಡಿಬಿಡುತ್ತಾರೆ. ಆದರೆ ವಿಟಮಿನ್ ಸಿ ಬೇಡ ಎಂದದ್ದು ಸರಿ. ಈ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ನಿಮ್ಮ ಪ್ರಶ್ನೆಯ ತಿರುಳು ಇದರಲ್ಲಿದೆ.

2017ರಲ್ಲಿ ‘ಚೆಸ್ಟ್’ ಎಂಬ ಹೆಸರಾಂತ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಒಂದೇ ಆಸ್ಪತ್ರೆ. ವಿಟಮಿನ್ ಸಿ, ಸ್ಟೀರಾಯ್ಡ್, ಥಯಾಮಿನ್ ಮೂರನ್ನೂ ಸೇರಿಸಿ ಕೊಟ್ಟ 47 ಸೆಪ್ಸಿಸ್ ರೋಗಿಗಳನ್ನು, ಅದಕ್ಕೂ ಮುಂಚೆ ಅಲ್ಲೇ ಇದ್ದ 47 ರೋಗಿಗಳ ಜೊತೆ ಹೋಲಿಸಿದರು. ಸಾವು 40.4%ರಿಂದ 8.5%ಕ್ಕೆ ಇಳಿದಿದೆ ಎಂದು ಬಂತು. ಸುದ್ದಿ ಇಂಟರ್‌ನೆಟ್‌ನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಔಷಧಿಗಳು ಅಗ್ಗ, ಎಲ್ಲ ಕಡೆ ಸಿಗುತ್ತವೆ, ರೋಗ ಭಯಂಕರ. ಯಾರಿಗೆ ಆಸೆ ಆಗುವುದಿಲ್ಲ ಹೇಳಿ? ಎಷ್ಟೋ ಕಡೆ ಕೊಡಲು ಶುರು ಮಾಡಿದರು. ಆಮೇಲೆ ಸರಿಯಾಗಿ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪಾಗಿ ಹಂಚಿದ ಟ್ರಯಲ್‌ಗಳು ಬಂದವು. 2020ರ ‘ವಿಟಮಿನ್ಸ್’ ಟ್ರಯಲ್‌ನಲ್ಲಿ ಈ ಮೂರರ ಕೂಟದಿಂದ ಲಾಭ ಕಾಣಲಿಲ್ಲ. 2022ರ ‘ಲೋವಿಟ್’ ಟ್ರಯಲ್‌ನಲ್ಲಿ ವಿಟಮಿನ್ ಸಿ ಕೊಟ್ಟವರ ಪೈಕಿ 44.5% ಮಂದಿ 28ನೇ ದಿನಕ್ಕೆ ತೀರಿಹೋಗಿದ್ದರು ಇಲ್ಲವೇ ಅಂಗಾಂಗ ವೈಫಲ್ಯದಲ್ಲೇ ಇದ್ದರು. ಕೊಡದವರಲ್ಲಿ ಅದು 38.5%. ಅಂದರೆ ಉಪಯೋಗವಿಲ್ಲ ಅನ್ನೋದಷ್ಟೇ ಅಲ್ಲ, ತೊಂದರೆಯ ಸುಳಿವೇ ಸಿಕ್ಕಿತು. ಅದಕ್ಕೂ ಮೊದಲೇ, 2021ರ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಗೈಡ್‌ಲೈನ್ ಇದನ್ನು ಬಳಸದಿರುವುದೇ ಒಳ್ಳೆಯದು ಎಂದಿತ್ತು.

ಇದರಿಂದ ‘ನೋಡಿ, ಇಂಟರ್‌ನೆಟ್ ಸುಳ್ಳು’ ಅನ್ನೋ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ಮೊದಲ ಅಧ್ಯಯನ ಅಚ್ಚಾದದ್ದು ಜರ್ನಲ್‌ನಲ್ಲೇ ಅಲ್ವಾ? ಅದು ಚಿಕ್ಕದು, ಹಿಂದಿನ ರೋಗಿಗಳ ಜೊತೆ ಹೋಲಿಸಿದ್ದು, ಇಷ್ಟು ದೊಡ್ಡ ಲಾಭ ನಂಬಲು ಕಷ್ಟ ಎಂದು ಮೊದಲ ವಾರಗಳಲ್ಲೇ ಎಚ್ಚರಿಸಿದ ಬ್ಲಾಗ್‌ಗಳೂ ಇದ್ದವು. ಇನ್ನು ಪುಸ್ತಕದ ಕಡೆ ನೋಡಿ. 2001ರಲ್ಲಿ ರಿವರ್ಸ್ ಅವರ ತಂಡ ಒಂದೇ ಆಸ್ಪತ್ರೆಯ 263 ಸೆಪ್ಸಿಸ್ ರೋಗಿಗಳ ಮೇಲೆ ಮಾಡಿದ ಟ್ರಯಲ್‌ನಿಂದ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಇಳಿಸುವ ನಳಿಕೆ) ಹಾಕಿ ಗುರಿ ಅಳೆಯುತ್ತಾ ಚಿಕಿತ್ಸೆ ಕೊಡುವ ಪದ್ಧತಿ ಪುಸ್ತಕಗಳಿಗೂ ಗೈಡ್‌ಲೈನ್‌ಗಳಿಗೂ ಹೊಕ್ಕಿತು. 2014 ಮತ್ತು 2015ರಲ್ಲಿ ‘ಪ್ರೊಸೆಸ್’, ‘ಅರೈಸ್’, ‘ಪ್ರಾಮಿಸ್’ ಎಂಬ ಮೂರು ದೊಡ್ಡ ಟ್ರಯಲ್‌ಗಳು, ಸಾಮಾನ್ಯ ಒಳ್ಳೆಯ ಚಿಕಿತ್ಸೆಗಿಂತ ಅದರಿಂದ ಹೆಚ್ಚಿನ ಲಾಭವಿಲ್ಲ ಎಂದು ತೋರಿಸಿದವು. ಆ ಹೊತ್ತಿಗೆ ಬೇಗ ಆ್ಯಂಟಿಬಯಾಟಿಕ್, ಬೇಗ ದ್ರವ ಕೊಡುವುದು ಎಲ್ಲ ಕಡೆ ರೂಢಿಯಾಗಿತ್ತು, ಅದೂ ಒಂದು ಕಾರಣ. ಹಳೆಯ ಪುಸ್ತಕ ಇಟ್ಟುಕೊಂಡವರಿಗೆ ಈ ಬದಲಾವಣೆ ತಿಳಿಯಲು ವರ್ಷಗಳೇ ಬೇಕಾದವು. ಬ್ಲಾಗ್ ಓದುವವರಿಗೆ ಅದೇ ವಾರ ತಿಳಿಯಿತು.

ಆದ್ದರಿಂದ ಎಲ್ಲಿ ಓದಿದಿರಿ ಅನ್ನೋದು ಸತ್ಯದ ಅಳತೆ ಅಲ್ಲ. ಹೇಳಿಕೆಯ ಹಿಂದೆ ಏನಿದೆ ಅನ್ನೋದೇ ಅಳತೆ.

ನಮ್ಮ ವಿಭಾಗದವರೇ ಯಾಕೆ ಇಷ್ಟೊಂದು ಆನ್‌ಲೈನ್‌ಗೆ ಅಂಟಿಕೊಂಡಿದ್ದೇವೆ ಅಂತಲೂ ಯೋಚಿಸಿ. ಶಿಫ್ಟ್ ಕೆಲಸ. ಮಧ್ಯಾಹ್ನದ ಕ್ಲಾಸಿಗೆ ಎಲ್ಲರೂ ಸೇರುವುದು ಆಗದ ಮಾತು. ಬರುವ ರೋಗಕ್ಕೆ ಮಿತಿಯಿಲ್ಲ. 2009ರಲ್ಲಿ ಎಮರ್ಜೆನ್ಸಿ ವೈದ್ಯ ಸ್ಕಾಟ್ ವೈನ್‌ಗಾರ್ಟ್ ‘ಎಮ್‌ಕ್ರಿಟ್’ ಪಾಡ್‌ಕಾಸ್ಟ್ ಶುರು ಮಾಡಿದರು. 2012ರಲ್ಲಿ ಡಬ್ಲಿನ್‌ನಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ ಇನ್ನೊಬ್ಬ ಎಮರ್ಜೆನ್ಸಿ ವೈದ್ಯ ಮೈಕ್ ಕ್ಯಾಡೊಗನ್ ಮತ್ತು ಗೆಳೆಯರು ಈ ಉಚಿತ ಕಲಿಕೆಗೆ ‘ಫೋಮ್’ ಎಂದು ಹೆಸರಿಟ್ಟರು. ಸಂಶೋಧನೆಯಲ್ಲಿ ಗೊತ್ತಾದದ್ದು ರೋಗಿಯ ಹಾಸಿಗೆಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ, ಅದನ್ನು ಒಂದು ವರ್ಷಕ್ಕಿಂತ ಕಡಿಮೆ ಮಾಡುವುದೇ ನಮ್ಮ ಗುರಿ ಎಂದು ಕೆನಡಾದ ‘ಸ್ಕೆಪ್ಟಿಕ್ಸ್ ಗೈಡ್ ಟು ಎಮರ್ಜೆನ್ಸಿ ಮೆಡಿಸಿನ್’ ಹೇಳಿಕೊಂಡಿದೆ. ಇದು ದೊಡ್ಡ ಮನಸ್ಸಿನ ಕೆಲಸ. ಲಕ್ಷಾಂತರ ವೈದ್ಯರು ಒಂದು ಪೈಸೆ ಕೊಡದೆ ಕಲಿಯುತ್ತಿದ್ದಾರೆ. ನನಗೆ ಅವರ ಮೇಲೆ ಬಹಳ ಗೌರವ.

ಆದರೆ ವೇಗದಲ್ಲೇ ಅಪಾಯವೂ ಇದೆ. ಹೊಸದು ಬೇಗ ಬರುತ್ತದೆ, ಅದು ತಪ್ಪು ಎಂಬ ಸುದ್ದಿ ತಡವಾಗಿ ಬರುತ್ತದೆ. ಜೊತೆಗೆ ಬರೆಯುವವರು ತಮಗೆ ಇಷ್ಟವಾದದ್ದನ್ನೇ ಬರೆಯುತ್ತಾರೆ. ಉಸಿರಾಟದ ನಳಿಕೆ ಹಾಕುವುದು, ಇಸಿಜಿ, ಅಲ್ಟ್ರಾಸೌಂಡ್, ಶಾಕ್ (ರಕ್ತಸಂಚಾರ ಕುಸಿಯುವುದು), ಇವುಗಳ ಬಗ್ಗೆ ಬೆಟ್ಟದಷ್ಟು ಸಿಗುತ್ತದೆ. ಚರ್ಮದ ಕಾಯಿಲೆ, ಕಿವಿ ನೋವು, ವಯಸ್ಸಾದವರು ಬಿದ್ದು ಬರುವುದು, ಮನೆಗೆ ಕಳಿಸುವಾಗ ಏನು ಹೇಳಬೇಕು, ಇವಕ್ಕೆ ಅಷ್ಟು ಉತ್ಸಾಹ ಕಾಣುವುದಿಲ್ಲ. ನಿಮ್ಮ ಡ್ಯೂಟಿಯಲ್ಲಿ ಯಾವುದು ಜಾಸ್ತಿ ಬರುತ್ತದೆ ಅಂತ ನೀವೇ ನೋಡಿ. ಬರೀ ಪಾಡ್‌ಕಾಸ್ಟ್‌ನಿಂದ ಕಲಿತವರು ಅಪರೂಪದ ಕೇಸಿನಲ್ಲಿ ಜಾಣರು, ದಿನನಿತ್ಯದ ಕೇಸಿನಲ್ಲಿ ಎಡವುತ್ತಾರೆ. ಅದಕ್ಕೇ ಬೆನ್ನೆಲುಬಾಗಿ ಒಂದು ಪುಸ್ತಕ ಅಥವಾ ಒಂದು ಪಠ್ಯಕ್ರಮ ಬೇಕೇ ಬೇಕು. ವಾಪಸ್ ಹೋಗುವುದು ಅಂತ ಬೇಡ, ಎರಡೂ ಜೊತೆಗಿರಲಿ.

ಒಂದು ಲೇಖನವನ್ನು ನಂಬುವ ಮುಂಚೆ ನಾನು ನೋಡುವುದು ಇಷ್ಟು. ಬರೆದವರ ಹೆಸರು ಇದೆಯಾ? ಯಾವ ಕಂಪನಿಯ ದುಡ್ಡು ಪಡೆದಿದ್ದಾರೆ ಎಂದು ಹೇಳಿದ್ದಾರಾ? ಯಾವಾಗ ತಿದ್ದಿದ್ದು? ಮೂಲ ಅಧ್ಯಯನಕ್ಕೆ ಕೊಂಡಿ ಕೊಟ್ಟಿದ್ದಾರಾ? ಬೇರೆಯವರು ಪರಿಶೀಲಿಸಿದ್ದಾರಾ? ನಾನು ಇದನ್ನು ಓದಿದರೆ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆ ಧೈರ್ಯವನ್ನು ಪೂರ್ತಿ ನಂಬಬೇಡಿ. ‘ಮೆಟ್ರಿಕ್’ ಹೆಸರಿನ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವೈದ್ಯಕೀಯ ಬ್ಲಾಗ್‌ಗಳ ಗುಣಮಟ್ಟವನ್ನು ಒಬ್ಬೊಬ್ಬರೇ ಅಂದಾಜಿನಲ್ಲಿ ಅಳೆದರೆ ಆ ಅಳತೆ ನೆಚ್ಚಿಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಅನುಭವಿ ವೈದ್ಯರದ್ದೂ ಹಾಗೇ. ಹಾಗಾಗಿ ರೋಗಿಯ ಚಿಕಿತ್ಸೆ ಬದಲಿಸುವಂಥ ವಿಷಯ ಓದಿದರೆ ಇನ್ನೊಂದು ಕಡೆಯೂ ನೋಡಿ, ಬೇಕೆಂದೇ ವಿರುದ್ಧ ಹೇಳುವವರನ್ನು ಹುಡುಕಿ. ಆಮೇಲೆ ಮೂಲ ಪೇಪರ್‌ನ ಒಂದು ಭಾಗವನ್ನಾದರೂ ಓದಿ: ಯಾವ ರೋಗಿಗಳನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು. ನಿಮ್ಮ ರೋಗಿ ಅಲ್ಲಿ ಇದ್ದಾರಾ?

ಯಾರ ಕೈಯಲ್ಲಿ ನಡೆದದ್ದು ಅನ್ನೋದೂ ಅಷ್ಟೇ ಮುಖ್ಯ. 2018ರಲ್ಲಿ ಒಂದು ಟ್ರಯಲ್, ಬೂಜಿ (ಉಸಿರಾಟದ ನಳಿಕೆಗೆ ದಾರಿ ತೋರಿಸುವ ತೆಳ್ಳನೆಯ ಉದ್ದ ಕಡ್ಡಿ) ಬಳಸಿದರೆ ಮೊದಲ ಪ್ರಯತ್ನದಲ್ಲೇ ಇಂಟ್ಯುಬೇಷನ್, ಅಂದರೆ ನಳಿಕೆ ಹಾಕುವುದು, ಆಗುವುದು 98%, ಸ್ಟೈಲೆಟ್ (ನಳಿಕೆಯ ಒಳಗಿಡುವ ಬಾಗುವ ತಂತಿ) ಬಳಸಿದರೆ 87% ಎಂದಿತು. ಎಲ್ಲರೂ ಬೂಜಿ ಹಿಡಿದರು. 2021ರಲ್ಲಿ ಬೇರೆ ಬೇರೆ ಆಸ್ಪತ್ರೆಗಳ 15 ಎಮರ್ಜೆನ್ಸಿ ಮತ್ತು ಐಸಿಯುಗಳಲ್ಲಿ ಅದನ್ನೇ ಮಾಡಿದಾಗ ಬೂಜಿ 80.4%, ಸ್ಟೈಲೆಟ್ 83.0%. ವ್ಯತ್ಯಾಸವೇ ಇಲ್ಲ ಎನ್ನಬಹುದು. ಮೊದಲ ಟ್ರಯಲ್ ನಡೆದದ್ದು ದಿನಾ ಬೂಜಿ ಬಳಸಿ ಪಳಗಿದ ಒಂದೇ ಜಾಗದಲ್ಲಿ. ವಿಡಿಯೊ ನೋಡಿ ಆ ಪಳಗುವಿಕೆ ಬರುವುದಿಲ್ಲ, ದಡದಲ್ಲಿ ನಿಂತು ಈಜು ಕಲಿಯಲು ಆಗದ ಹಾಗೆ. ಕೈಕೆಲಸಕ್ಕೆ ಆನ್‌ಲೈನ್ ಮುಂಚಿನ ತಯಾರಿ ಅಷ್ಟೇ. ಗೊಂಬೆಯ ಮೇಲೆ, ಸೀನಿಯರ್ ಪಕ್ಕದಲ್ಲಿ ನಿಂತು, ತಪ್ಪನ್ನು ಅಲ್ಲೇ ತಿದ್ದಿಸಿಕೊಂಡು ಕಲಿಯಬೇಕು. ಸಿಪಿಆರ್ ಕೌಶಲವೂ ತರಬೇತಿಯಾದ ಕೆಲವು ತಿಂಗಳಲ್ಲಿ ಮಸುಕಾಗುತ್ತದೆ, ಮತ್ತೆ ಮತ್ತೆ ಮಾಡಬೇಕು.

ದುಡ್ಡಿನ ಪ್ರಶ್ನೆ. ದುಡ್ಡು ಕೊಟ್ಟರೆ ಸಿಗುವುದು ಕ್ರಮ, ಪ್ರಶ್ನೆಗಳ ಸಂಗ್ರಹ, ಸರ್ಟಿಫಿಕೇಟ್, ಕೆಲವು ಕಡೆ ಕ್ರೆಡಿಟ್ ಅಂಕ. ಸತ್ಯ ಹೆಚ್ಚು ಸಿಗುತ್ತದೆ ಅಂತೇನೂ ಇಲ್ಲ. ಪರೀಕ್ಷೆ ಹತ್ತಿರವಿದ್ದರೆ ಪ್ರಶ್ನೆ ಬ್ಯಾಂಕ್‌ಗೆ ದುಡ್ಡು ಹಾಕುವುದು ಸಾರ್ಥಕ, ಯಾಕೆಂದರೆ ಅದು ನಿಮ್ಮನ್ನು ಕೇಳುತ್ತದೆ. ಬರೀ ಇನ್ನಷ್ಟು ವಿಡಿಯೊಗಳಿಗೆ ದುಡ್ಡು ಕೊಡಬೇಡಿ. ಕೊಟ್ಟ ದುಡ್ಡಿಗೆ ನಿಷ್ಠೆ ಬೆಳೆಯುತ್ತದೆ, ಆಮೇಲೆ ಅದನ್ನು ಪ್ರಶ್ನಿಸಲು ಮನಸ್ಸು ಬರುವುದಿಲ್ಲ. ಇದು ನಾನು ಎಷ್ಟೋ ಜನರಲ್ಲಿ ಕಂಡದ್ದು.

ಹೆಸರು ಹೇಳಿ ಅಂದರೆ, ಇಸಿಜಿಗೆ ‘ಲೈಫ್ ಇನ್ ದ ಫಾಸ್ಟ್ ಲೇನ್’ನ ಇಸಿಜಿ ಲೈಬ್ರರಿಯಿಂದ ಶುರು ಮಾಡಿ. ಅಲ್ಲಿ ಗಟ್ಟಿಯಾದ ಮೇಲೆ ಡಾಕ್ಟರ್ ಸ್ಮಿತ್ ಅವರ ಇಸಿಜಿ ಬ್ಲಾಗ್. ಅದು ಸ್ವಲ್ಪ ಕಷ್ಟ, ಆದರೆ ಹೃದಯಾಘಾತವನ್ನು ಬೇಗ ಗುರುತಿಸುವ ಕಣ್ಣು ಬರುತ್ತದೆ. ಐಸಿಯು ಡ್ಯೂಟಿಗೆ ಜಾಶ್ ಫಾರ್ಕಸ್ ಅವರ ‘ಇಂಟರ್‌ನೆಟ್ ಬುಕ್ ಆಫ್ ಕ್ರಿಟಿಕಲ್ ಕೇರ್’ ಬಹಳ ಉಪಯುಕ್ತ. ಅವರಿಗೆ ಅವರದೇ ಗಟ್ಟಿ ಅಭಿಪ್ರಾಯಗಳಿವೆ, ಅದು ನೆನಪಿರಲಿ. ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಆಳಕ್ಕೆ ಹೋಗಲು ‘ಡಿರೇಂಜ್ಡ್ ಫಿಸಿಯಾಲಜಿ’. ಟ್ರಯಲ್‌ಗಳ ಸಾರ, ಬಲ, ದೌರ್ಬಲ್ಯ ಒಂದೇ ಪುಟದಲ್ಲಿ ಬೇಕೆಂದರೆ ‘ದ ಬಾಟಮ್ ಲೈನ್’. ಮಕ್ಕಳ ಕೇಸಿಗೆ ‘ಡೋಂಟ್ ಫರ್ಗೆಟ್ ದ ಬಬಲ್ಸ್’. ಸೌಲಭ್ಯ ಕಡಿಮೆ ಇರುವ ಕಡೆ ಕೆಲಸ ಮಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ರೆಡ್ ಕ್ರಾಸ್ ಸೇರಿ 2018ರಲ್ಲಿ ತಂದ ‘ಬೇಸಿಕ್ ಎಮರ್ಜೆನ್ಸಿ ಕೇರ್’ ಪಠ್ಯ ಉಚಿತವಾಗಿ ಸಿಗುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಪುಸ್ತಕ, ಒಂದು ಪಾಡ್‌ಕಾಸ್ಟ್, ಟ್ರಯಲ್ ಪರಿಶೀಲಿಸುವ ಒಂದು ತಾಣ. ಸದ್ಯಕ್ಕೆ ಇಷ್ಟು ಸಾಕು. ಆ ಸೇವ್ ಪಟ್ಟಿಯನ್ನು ಅಳಿಸಿಬಿಡಿ, ಏನೂ ಕಳೆದುಕೊಳ್ಳುವುದಿಲ್ಲ.

ಎಐ ಚಾಟ್‌ಬಾಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಮಗೆ ಪ್ರಶ್ನೆ ಹಾಕಿಸಿಕೊಳ್ಳಲು ಅದನ್ನು ಬಳಸಿ, ಚೆನ್ನಾಗಿದೆ. ರೋಗಿ ಮುಂದೆ ಇರುವಾಗ ಡೋಸ್ ಕೇಳಬೇಡಿ. ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ, ಇಲ್ಲದ ಪೇಪರ್‌ನ ಹೆಸರನ್ನೂ ಕೊಡುತ್ತದೆ.

ಸೀನಿಯರ್ ವಿಷಯಕ್ಕೆ ಬಂದರೆ, ಹೊಸದನ್ನು ಮುಂದಿಡುವ ಜಾಗ ರೋಗಿಯ ಹಾಸಿಗೆಯ ಪಕ್ಕ ಅಲ್ಲ. ಅಲ್ಲಿ ಎಲ್ಲರಿಗೂ ಒತ್ತಡ ಇರುತ್ತದೆ. ಬಿಡುವಿದ್ದಾಗ ಮೂಲ ಪೇಪರ್ ಕೈಯಲ್ಲಿ ಹಿಡಿದು, “ಸರ್, ಇದನ್ನು ಓದಿದೆ. ನಮ್ಮ ರೋಗಿಗಳಿಗೆ ಹೊಂದುತ್ತದಾ?” ಎಂದು ಕೇಳಿ. ಪಾಡ್‌ಕಾಸ್ಟ್‌ನಲ್ಲಿ ಹೇಳಿದರು ಅಂದರೆ ವಾದ ಶುರುವಾಗುತ್ತದೆ. ಪೇಪರ್ ಇಟ್ಟರೆ ಚರ್ಚೆ ಶುರುವಾಗುತ್ತದೆ. ಸಾಧ್ಯವಾದರೆ ತಿಂಗಳಿಗೊಮ್ಮೆ ಒಂದು ಪೇಪರ್ ಓದುವ ಅರ್ಧ ಗಂಟೆ ಇಟ್ಟುಕೊಳ್ಳಿ, ಸಿಸ್ಟರ್‌ಗಳನ್ನೂ ಕರೆಯಿರಿ. ವಿಭಾಗ ಒಪ್ಪಿದ ಬದಲಾವಣೆ ಪ್ರೋಟೋಕಾಲ್‌ಗೆ ಸೇರಲಿ. ಒಬ್ಬರೇ ರಾತ್ರಿ ಡ್ಯೂಟಿಯಲ್ಲಿ ಹೊಸ ವಿಧಾನ ಶುರು ಮಾಡಿದರೆ, ಅರ್ಧದಲ್ಲಿ ತೊಂದರೆಯಾದಾಗ ಜೊತೆಗಿದ್ದವರಿಗೆ ಮುಂದಿನ ಹೆಜ್ಜೆ ಏನು ಅಂತ ಗೊತ್ತಿರುವುದಿಲ್ಲ. ವಿಧಾನ ಎಷ್ಟೇ ಒಳ್ಳೆಯದಿರಲಿ, ರೋಗಿಗೆ ಅದು ಅಪಾಯವೇ.

ಇನ್ನು ಇಸಿಜಿ ಹಂಚಿಕೊಳ್ಳುವುದು. ಹಂಚಿಕೊಳ್ಳಬಹುದು, ಆದರೆ ರೋಗಿಯ ಒಪ್ಪಿಗೆ ಮತ್ತು ಆಸ್ಪತ್ರೆಯ ನಿಯಮ ಎರಡೂ ನೋಡಿಕೊಂಡು ಮಾತ್ರ. ಹೆಸರು ಕತ್ತರಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ತಾರೀಖು, ಸಮಯ, ಆಸ್ಪತ್ರೆ ನಂಬರ್, ವಯಸ್ಸು, ‘ನಿನ್ನೆ ರಾತ್ರಿ ಬಂದ ಕೇಸ್’ ಅನ್ನೋ ಮಾತು, ಇವಿಷ್ಟು ಸೇರಿದರೆ ಮನೆಯವರಿಗೆ ಯಾರದೆಂದು ಗೊತ್ತಾಗಿಬಿಡುತ್ತದೆ. ಫೋಟೊ ಫೈಲ್‌ನ ಒಳಗೂ ಸಮಯ, ಜಾಗದ ವಿವರ ಇರುತ್ತದೆ, ಅದನ್ನೂ ತೆಗೆಯಬೇಕು. ಒಪ್ಪಿಗೆ ಕೇಳಲು ಆಗದ ಸ್ಥಿತಿಯಲ್ಲಿ ರೋಗಿ ಇದ್ದರೆ ಕಾಯಿರಿ. ವಾಟ್ಸಾಪ್ ಗ್ರೂಪ್‌ಗೂ ಇದೇ ನಿಯಮ. ಒಪ್ಪಿಗೆ ಸಿಕ್ಕಿ ಹಾಕುವುದಾದರೆ ಉತ್ತರವನ್ನು ಮೊದಲೇ ಬರೆಯಬೇಡಿ. ಇಸಿಜಿ ಮಾತ್ರ ಹಾಕಿ, ಏನು ಕಾಣುತ್ತದೆ ಎಂದು ಕೇಳಿ, ಮರುದಿನ ಉತ್ತರ ಹಾಕಿ. ನೋಡಿದವರಿಗೆ ತಾವೇ ಯೋಚಿಸಲು ಒಂದು ದಿನ ಸಿಗುತ್ತದೆ.